ಆರು ಹೆಜ್ಜೆಯ ಏಡಿ

ನಮ್ಮಲ್ಲಿ ಯಾರೂ ಟೆಲಿವಿಷನ್ ಎಂಬುದನ್ನು ಕಣ್ಣಾರೆ ಕಂಡವರಲ್ಲ. ಆದರೂ ಅರವತ್ತರ ದಶಕದ ಕೊನೆಯ ಹೊತ್ತಿಗೆ ನಾವು ಮೂವರು ಸೇರಿ, ಬಲ್ಮಠದ ಒಂದು ಫೋಟೊ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ದೆಹಲಿಯ ಟೆಲಿವಿಷನ್ನಿಗೆ ಮಕ್ಕಳ ಕಾರ್ಯಕ್ರಮವೊಂದನ್ನು ಮಾಡಿದೆವು. ಈಜು ಬಾರದವರು ದೋಣಿ ಕಟ್ಟಿದ ಹಾಗೆ. ಮೂವರಲ್ಲಿ ನಾನು ಹೆಣ್ಣುಮಕ್ಕಳ ಶಾಲೆಯ ಡ್ರಾಯಿಂಗ್ ಟೀಚರ್. ಇನ್ನೊಬ್ಬರು ಸ್ಟುಡಿಯೋದ ಯಜಮಾನರು, ಬಂದರಿನ ವ್ಯಾಪಾರಸ್ಥ ಬ್ಯಾರಿ ಮುಸ್ಲಿಂ ಮನೆತನದವರು, ನಮಗೆಲ್ಲ ಸಾಹೇಬರು. ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಕ್ಯಾಮೆರಾ ಹಿಡಿದದ್ದಕ್ಕೆ ಅವರ ಮನೆಯಲ್ಲಿ ಯಾರಿಗೂ ಸಂತೋಷವಿರಲಿಲ್ಲ. ಮೂರನೆಯವರು ಯಕ್ಷಗಾನಕ್ಕೆ ಹಾಡುವ, ಪಣಂಬೂರಿನ ಒಬ್ಬ ಮುದುಕ ಭಾಗವತರು.

ನನ್ನ ತಮ್ಮ ದೆಹಲಿಯಲ್ಲಿ ಟೆಲಿವಿಷನ್ನಿನ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅಲ್ಲಿ ಮಕ್ಕಳಿಗಾಗಿ ಬಣ್ಣದ ಗೊಂಬೆಗಳು ಓಡಾಡುವ ವಿದೇಶಿ ಚಿತ್ರಗಳನ್ನು ತೋರಿಸುತ್ತಾರೆ, ನಮ್ಮ ದೇಶದ್ದು ಯಾವುದೂ ಇಲ್ಲ, ನಮ್ಮ ಕಡೆಯ ಹಾಡಿನ ಕತೆಯೊಂದನ್ನು ಹತ್ತು ನಿಮಿಷಕ್ಕೆ ಇಳಿಸಿ ಹಾಗೆ ಮಾಡಿಕೊಟ್ಟರೆ ದೊಡ್ಡವರು ನೋಡಲು ಒಪ್ಪಿದ್ದಾರೆ ಎಂದು ಅವನು ಬರೆದ. ಬಣ್ಣ ಅಲ್ಲಿ ಕಾಣುವುದಿಲ್ಲ, ಎಲ್ಲ ಕಪ್ಪು ಬಿಳುಪು ಎಂದು ಪತ್ರದ ಕೊನೆಗೆ ಸೇರಿಸಿದ್ದ. ಹಾಗಾದರೆ ಬಣ್ಣದ ಗೊಂಬೆ ಎಂದು ಯಾಕೆ ಬರೆದೆ ಮಹಾರಾಯ ಎಂದು ನಾನು ಕಾರ್ಡು ಹಾಕಿದೆ. ನನ್ನ ಸ್ವಭಾವವೇ ಹಾಗೆ. ಕೋಪ ಮೂಗಿನ ತುದಿಯಲ್ಲಿ, ಮಾತು ನಾಲಗೆಯ ತುದಿಯಲ್ಲಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲು ನನಗೆ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಷ್ಟು ಸ್ನೇಹ ಕೆಡಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ನನಗೆ ಸುಳ್ಳು ಹೇಳಲು ಕಲಿಸಿದ್ದರೆ ಇಷ್ಟು ಹೊತ್ತಿಗೆ ಮದುವೆಯಾಗುತ್ತಿತ್ತು ಎಂದು ನನ್ನ ಅಮ್ಮ, ನಮ್ಮ ಮಾತಿನಲ್ಲಿ ಮಾಯ್, ಕೊಂಕಣಿಯಲ್ಲಿ ಬೈಯುತ್ತಿದ್ದಳು.

ಹಾಡಿನ ಕತೆ ಎಂದ ಕೂಡಲೇ ನನಗೆ ಭಾಗವತರ ನೆನಪಾಯಿತು. ಅದಕ್ಕೆ ಮೂರು ವರ್ಷ ಮೊದಲು ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರಿಗೆ ಯಕ್ಷಗಾನದ ಒಂದು ತುಣುಕು ಕಲಿಸಲು ಅವರು ಬಂದಿದ್ದರು. ರಟ್ಟಿನ ಕಿರೀಟಗಳನ್ನು ಮಾಡಿದ್ದು ನಾನು. ಆಗ ಅವರು ತಮ್ಮ ಅಜ್ಜ ಬರೆದ ಏಡಿಯ ಪ್ರಸಂಗದ ವಿಷಯ ಹೇಳಿದ್ದರು. ಕತೆ ಇಷ್ಟೇ. ಕಡಲ ದಡದಲ್ಲಿ ಒಂದು ಏಡಿ ಮನೆ ತೋಡುತ್ತದೆ, ತೆರೆ ಬಂದು ಅಳಿಸುತ್ತದೆ. ಮತ್ತೆ ತೋಡುತ್ತದೆ, ಮತ್ತೆ ಅಳಿಸುತ್ತದೆ. ಸಿಟ್ಟು ಬಂದ ಏಡಿ ಕಡಲರಾಜನನ್ನೇ ಯುದ್ಧಕ್ಕೆ ಕರೆಯುತ್ತದೆ. ಕತೆ ಮಕ್ಕಳದ್ದಾದರೂ ಅದರ ಪದಗಳು, ಅಂದರೆ ಹಾಡುಗಳು, ಮಕ್ಕಳಾಟವಲ್ಲ. ಹಳೆಯ ಕ್ರಮದ ರಾಗ, ಕಟ್ಟುನಿಟ್ಟಾದ ತಾಳ, ಒಂದಕ್ಷರ ಆಚೀಚೆ ಆಗುವ ಹಾಗಿಲ್ಲ. ಅದನ್ನು ಹಾಡಬಲ್ಲವರು ಆಗ ಉಳಿದದ್ದು ಅವರೊಬ್ಬರೇ.

ನಾನು ಕೇಳಲು ಹೋದಾಗ ಅವರು ಮನೆಯಂಗಳದಲ್ಲಿ ಹೊಗೆಸೊಪ್ಪು ಹಾಕಿಕೊಂಡು ಕೂತಿದ್ದರು. ಮೇಳದವರು ಅವರನ್ನು ಬಿಟ್ಟು ಎರಡು ವರ್ಷವಾಗಿತ್ತು. ಹೊಸ ಪ್ರಸಂಗ, ಹೊಸ ಧಾಟಿ, ಜನ ಕೇಳುವುದೇ ಅದನ್ನು ಎಂದು ಮೇಳದ ಯಜಮಾನರು ಎಲೆಯಡಿಕೆ ಕೊಟ್ಟು ಮರ್ಯಾದೆಯಿಂದಲೇ ಕಳಿಸಿದರಂತೆ. ಆಚೆ ಹೊಸ ಬಂದರಿನ ಕೆಲಸ ನಡೆಯುತ್ತಿತ್ತು. ಅವರ ಮನೆಯ ಜಾಗವೂ ಅದಕ್ಕೆ ಹೋಗುವುದೆಂದು ನೋಟಿಸು ಬಂದಿತ್ತು. ಅಜ್ಜನ ಕೈಬರಹದ ಪುಸ್ತಕವನ್ನು ಅವರು ಒಳಗಿನಿಂದ ತಂದು ತೋರಿಸಿದರು. ಗೆದ್ದಲು ಹಿಡಿದಿರಲಿಲ್ಲ, ಕಾಗದ ಗಟ್ಟಿಯೇ ಇತ್ತು.

"ಪುಸ್ತಕ ಉಳೀತದೆ ಟೀಚರ್," ಎಂದರು. "ಅದರಲ್ಲಿ ರಾಗದ ಹೆಸರುಂಟು, ತಾಳದ ಹೆಸರುಂಟು. ಆದರೆ ಹಾಡುವುದು ಹೇಗೆ ಅಂತ ಅದರಲ್ಲಿ ಎಲ್ಲಿ ಉಂಟು? ಅದು ನನ್ನೊಟ್ಟಿಗೆ ಹೋಗ್ತದೆ."

ಅದನ್ನು ಹೋಗಲು ಬಿಡುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಆ ವರ್ಷದ ನನ್ನ ಎಲ್ಲ ಜಗಳ, ಎಲ್ಲ ಹಟ ಈ ಒಂದು ಮಾತಿನಿಂದ ಹುಟ್ಟಿದ್ದು.

ಒಂದು ರಾತ್ರಿಯ ಪ್ರಸಂಗವನ್ನು ಹತ್ತು ನಿಮಿಷಕ್ಕೆ ಇಳಿಸುವುದೆಂದರೆ ಆನೆಯನ್ನು ಅಡಿಕೆ ಡಬ್ಬಿಗೆ ತುಂಬಿಸಿದ ಹಾಗೆ. ಯಾವ ಪದ ಬಿಡುವುದು ಎಂದು ಕೇಳಿದರೆ ಭಾಗವತರು ಯಾವುದನ್ನೂ ಬಿಡಲು ಒಪ್ಪಲಿಲ್ಲ. ಮೂರು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ನೇರ ಪಣಂಬೂರಿನ ಬಸ್ಸು ಹತ್ತಿದೆ. ಕೊನೆಗೆ ನಾಲ್ಕು ಪದ ಉಳಿದವು: ಮನೆ ತೋಡುವುದು, ತೆರೆ ಅಳಿಸುವುದು, ಯುದ್ಧ, ಕಡಲಿನ ಉತ್ತರ. ನಾಲ್ಕನೆಯ ಪದ ಅಜ್ಜನ ಪ್ರಾಣವಂತೆ. ಅದು ಇಲ್ಲದಿದ್ದರೆ ಉಳಿದ ಮೂರೂ ಬೇಡ ಎಂದರು ಭಾಗವತರು.

ಏಡಿಯ ಚಿತ್ರ ಬರೆದು ತೋರಿಸಿದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ಕಿರೀಟ ಎಲ್ಲಿ ಎಂದು ಕೇಳಿದರು. ಏಡಿಗೆ ತಲೆಯೇ ಇಲ್ಲ, ಕಿರೀಟ ಇಡುವುದು ಎಲ್ಲಿ ಎಂದೆ. ಕಿರೀಟವಿಲ್ಲದೆ ರಂಗಸ್ಥಳಕ್ಕೆ ಬರುವುದಾದರೆ ಅದು ಏಡಿ, ವೇಷ ಅಲ್ಲ ಎಂದರು. ನಾನು ಸಿಟ್ಟಿನಿಂದಲೇ ಮನೆಗೆ ಬಂದು ಅದರ ಎರಡು ಕಣ್ಣುಕಡ್ಡಿಗಳ ನಡುವೆ ಕಿರೀಟವೊಂದನ್ನು ಕೂರಿಸಿದೆ. ನೋಡಿದರೆ ಅದೇ ಸರಿಯಾಗಿತ್ತು. ಏಡಿಗೆ ಒಮ್ಮೆಲೇ ಗತ್ತು ಬಂದಿತ್ತು.

ಸ್ಟುಡಿಯೋದ ಸಾಹೇಬರ ಹತ್ತಿರ ಬೊಂಬಾಯಿಯ ನೆಂಟರಿಂದ ತರಿಸಿದ ಸಣ್ಣ ಸಿನಿಮಾ ಕ್ಯಾಮೆರಾ ಇತ್ತು, ಮದುವೆಗಳಿಗೆ ಒಯ್ಯುತ್ತಿದ್ದರು. ಅದನ್ನು ಮೇಜಿನ ಮೇಲೆ ಕೆಳಮುಖವಾಗಿ ಕಟ್ಟಿದರು. ನಾನು ಹಳೆಯ ಕ್ಯಾಲೆಂಡರುಗಳ ರಟ್ಟಿನಿಂದ ಏಡಿಯ ಮೈ, ಇಕ್ಕಳದಂಥ ಕೊಂಬು, ಕಾಲು ಬೇರೆ ಬೇರೆ ಕತ್ತರಿಸಿ, ರವಿಕೆಗೆ ಹಾಕುವ ಪ್ರೆಸ್ ಬಟನ್ನುಗಳಿಂದ ಜೋಡಿಸಿದೆ. ಕಾಲು ಕೂದಲೆಳೆಯಷ್ಟು ಸರಿಸುವುದು, ಕೈ ತೆಗೆಯುವುದು, ಸಾಹೇಬರು ಗುಂಡಿ ಒತ್ತುವುದು. ಮತ್ತೆ ಸರಿಸುವುದು, ಮತ್ತೆ ಒತ್ತುವುದು. ಒಂದು ನಿಮಿಷದ ಚಿತ್ರಕ್ಕೆ ಏಳುನೂರಕ್ಕೂ ಹೆಚ್ಚು ಸಲ ಹೀಗೆ. ಶಾಲೆ ಬಿಟ್ಟ ಮೇಲೆ ಸಂಜೆಗಳು, ಎಪ್ರಿಲ್ ಮೇ ರಜೆ, ಎಲ್ಲ ಆ ಸೆಕೆಯ ಕೋಣೆಯಲ್ಲೇ ಕಳೆಯಿತು. ಫ್ಯಾನ್ ಹಾಕಿದರೆ ಏಡಿ ಹಾರುತ್ತಿತ್ತು.

ಎಷ್ಟನೆಯ ಸಲ ಎಂಬುದು ತಪ್ಪಬಾರದೆಂದು ನಾನು ಎಡಗೈಯಲ್ಲಿ ನನ್ನ ಜಪಸರ ಹಿಡಿದು ಮಣಿ ದಾಟಿಸುತ್ತಿದ್ದೆ. ಹತ್ತು ಮಣಿಗೊಂದು ದೊಡ್ಡ ಮಣಿ. ಅದಕ್ಕಿಂತ ಸುಲಭದ ಲೆಕ್ಕ ಬೇರೆ ಇಲ್ಲ. ಮಾಯ್‌ಗೆ ಹೇಳಲಿಲ್ಲ. ಆದರೆ ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳಿದೆ. ಅವರು ಪ್ರಾಯಶ್ಚಿತ್ತಕ್ಕೆ ಒಂದು ಜಪಸರ ಪೂರ್ತಿ ಹೇಳು, ಈ ಸಲ ಏಡಿಗಲ್ಲ ಮಾತೆಗೆ ಎಂದರು.

ಭಾಗವತರು ಮೊದಲೇ ಹಾಡಿಬಿಟ್ಟರೆ ಹಾಡಿಗೆ ಸರಿಯಾಗಿ ಚಿತ್ರ ಹಿಡಿಯಬಹುದಿತ್ತು. ಅದಕ್ಕೆ ಅವರು ಸುತಾರಾಂ ಒಪ್ಪಲಿಲ್ಲ. ಮೊದಲು ವೇಷ ಬರಬೇಕು, ಅದರ ಮುಖ ನೋಡಿ ನಾನು ಹಾಡುವುದು, ಬರಿಯ ಮೈಕಿನ ಎದುರು ಹಾಡಲು ನನಗೇನು ಹುಚ್ಚೇ ಎಂದರು. ಹಾಗಾಗಿ ಅವರ ಅಂಗಳದಲ್ಲಿ ಕೂತು ಒಂದೊಂದೇ ಪದ ಹೇಳಿಸಿ ನನ್ನ ವಾಚಿನಲ್ಲಿ ಹೊತ್ತು ನೋಡಿಕೊಂಡೆ. ಯುದ್ಧದ ಪದಕ್ಕೆ ಒಂದು ನಿಮಿಷ ಹಿಡಿಯಿತು. ಬರೆದುಕೊಂಡೆ.

ತಪ್ಪು ನಡೆದದ್ದು ಅಲ್ಲಿ. ನಮ್ಮ ಕ್ಯಾಮೆರಾಕ್ಕೆ ಹಿಡಿಯುವ ರೀಲು ಎರಡೂವರೆ ನಿಮಿಷದ್ದು. ಒಂದೊಂದು ಪದಕ್ಕೆ ಒಂದೊಂದು ರೀಲು ಇಟ್ಟಿದ್ದೆವು. ಮೂರನೆಯದರಲ್ಲಿ ಯುದ್ಧ ಮುಗಿದಾಗ ಅರ್ಧಕ್ಕಿಂತ ಹೆಚ್ಚು ರೀಲು ಉಳಿಯಿತು. ಖಾಲಿ ಬಿಟ್ಟರೆ ಪರದೆ ಕಪ್ಪಾಗುತ್ತದೆ, ದೆಹಲಿಯವರು ಯಂತ್ರ ಕೆಟ್ಟಿತೆಂದು ತಿಳಿದಾರು ಎಂದರು ಸಾಹೇಬರು. ಏಡಿಯ ಕುಣಿತಕ್ಕೆ ನಾನು ಆರು ಹೆಜ್ಜೆ ಮಾಡಿಟ್ಟಿದ್ದೆ. ಅದನ್ನೇ ತಿರುಗಿಸಿ ತಿರುಗಿಸಿ ಹಿಡಿದು ರೀಲು ತುಂಬಿಸಿದೆ. ಹಾಡು ಮುಗಿದ ಮೇಲೂ ಏಡಿ ಕುಣಿದರೆ ನಷ್ಟವೇನು, ಹೆಚ್ಚಾದದ್ದನ್ನು ತಮ್ಮ ಕತ್ತರಿಸಿಕೊಳ್ಳುತ್ತಾನೆ ಎಂದುಕೊಂಡೆ. ನಾನು ಇಗರ್ಜಿಯ ಹಾಡಿನ ತಂಡದಲ್ಲಿ ಬೆಳೆದವಳು. ಅಲ್ಲಿ ಪುಸ್ತಕದಲ್ಲಿ ಹಾಡು ಮುಗಿದರೆ ಮುಗಿಯಿತು. ಪಾದ್ರಿಗಳು ಇನ್ನೂ ಧೂಪ ಬೀಸುತ್ತಿದ್ದರೂ ನಾವು ಬಾಯಿ ಮುಚ್ಚಿ ನಿಲ್ಲುತ್ತೇವೆ. ಸಾಹೇಬರಿಗಂತೂ ಹಾಡಿನ ಗೊಡವೆಯೇ ಇಲ್ಲ. ಯಕ್ಷಗಾನದ ಮನೆಯ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ನಾವು ಕೇಳಲಿಲ್ಲ.

ರೀಲುಗಳು ಬೊಂಬಾಯಿಗೆ ಹೋಗಿ ತೊಳೆದು ಬರುವಾಗ ಮಳೆಗಾಲ ಅರ್ಧ ಕಳೆದಿತ್ತು. ಒಂದು ಶನಿವಾರ ಮಧ್ಯಾಹ್ನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಗೋಡೆಗೆ ಬಿಳಿ ದುಪ್ಪಟಿ ಹೊಡೆದೆವು. ಭಾಗವತರು ಇಸ್ತ್ರಿ ಮಾಡಿದ ಜುಬ್ಬಾ, ತಲೆಗೆ ಮುಂಡಾಸು, ಕೈಯಲ್ಲಿ ಜಾಗಟೆ ಹಿಡಿದು ಬಂದರು. ಜೊತೆಗೆ ಮದ್ದಲೆ ಬಾರಿಸುವ ಅವರ ಅಳಿಯ. ಭಾಗವತರಿಗೆ ನಾಲ್ಕು ದಿನದಿಂದ ಶೀತ, ಕೆಮ್ಮು. ಮುಂದಿನ ವಾರ ಇಟ್ಟುಕೊಳ್ಳೋಣ ಎಂದೆ. ಮುಂದಿನ ವಾರ ನಾನಿರುತ್ತೇನೆಂದು ನೀವು ಬರೆದುಕೊಡುತ್ತೀರಾ ಎಂದು ನಕ್ಕರು. ಮುಂದಿನ ವಾರದ ಕೊನೆಯೊಳಗೆ ದೆಹಲಿಗೆ ಕಳಿಸಲೇಬೇಕೆಂದು ತಮ್ಮನೂ ಬರೆದಿದ್ದ, ಹಾಗಾಗಿ ನಾನೂ ಒತ್ತಾಯ ಮಾಡಲಿಲ್ಲ.

ಸಾಹೇಬರು ಒಂದು ಕೈಯಲ್ಲಿ ಟೇಪ್ ರೆಕಾರ್ಡರು, ಇನ್ನೊಂದರಲ್ಲಿ ಪ್ರೊಜೆಕ್ಟರು ಚಾಲೂ ಮಾಡಿದರು. ದುಪ್ಪಟಿಯ ಮೇಲೆ ಏಡಿ ಬಂತು. ಭಾಗವತರು ಬೆನ್ನು ನೆಟ್ಟಗೆ ಮಾಡಿದರು. ಅಂಗಳದಲ್ಲಿ ವಾಚಿನ ಎದುರು ಪದ ಹೇಳಿದ ಮುದುಕ ಇವರೇ ಎಂದು ನಂಬಲಾಗಲಿಲ್ಲ. ಏಡಿ ಮಣ್ಣು ತೋಡಿದರೆ ಸ್ವರ ತೋಡುತ್ತಿತ್ತು, ತೆರೆ ಬಂದರೆ ಸ್ವರ ಉಕ್ಕುತ್ತಿತ್ತು. ಮೊದಲಿನ ಎರಡು ರೀಲು ಅಚ್ಚು ಕೂತಂತೆ ಕೂತವು. ಐದು ತಿಂಗಳು ನಾನು ಕೈಬೆರಳಿನಿಂದ ಸರಿಸಿದ ರಟ್ಟು ಜೀವ ಬಂದು ನಡೆಯುವುದನ್ನು ನೋಡಿ ನನಗೆ ಅಳು ಬಂತು.

ಮೂರನೆಯ ರೀಲು. ಯುದ್ಧದ ಪದ ಒಂದು ನಿಮಿಷಕ್ಕೆ ಮುಗಿಯಿತು. ಏಡಿ ಮುಗಿಸಲಿಲ್ಲ. ಭಾಗವತರು ಪದದ ಕೊನೆಯ ಸಾಲನ್ನು ಮತ್ತೆ ಎತ್ತಿದರು. ಏಡಿ ಕುಣಿಯುತ್ತಲೇ ಇತ್ತು. ಅವರು ಕಾಲ ಏರಿಸಿದರು, ಮದ್ದಲೆ ಏರಿತು. ಆಗ ಅಳಿಯ ನನ್ನ ಕಡೆ ತಿರುಗಿ ಕಣ್ಣಲ್ಲೇ ಇದೇನೆಂದು ಕೇಳಿದರು, ಮತ್ತು ನನಗೆ ಅರ್ಥವಾಯಿತು. ವೇಷ ಕುಣಿಯುತ್ತಿರುವಾಗ ಭಾಗವತರು ಪದ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ವೇಷಕ್ಕೆ ಅವಮಾನ. ದಣಿದ ವೇಷಧಾರಿ ಭಾಗವತರನ್ನು ನೋಡುತ್ತಾನೆ, ಅವರು ಮುಕ್ತಾಯ ಕೊಡುತ್ತಾರೆ, ಅವನು ನಿಲ್ಲುತ್ತಾನೆ. ನನ್ನ ಏಡಿಗೆ ದಣಿವೂ ಇಲ್ಲ, ಯಾರನ್ನೂ ನೋಡುವುದೂ ಇಲ್ಲ.

ಒಂದೂವರೆ ನಿಮಿಷ ಎಂದರೆ ಏನು ಮಹಾ ಎಂದು ಓದುವವರಿಗೆ ಅನ್ನಿಸಬಹುದು. ಶೀತ ಹಿಡಿದ ಎಪ್ಪತ್ತರ ಎದೆಯಿಂದ ಮೇಲಿನ ಸ್ವರದಲ್ಲಿ, ಮುಮ್ಮಡಿ ವೇಗದಲ್ಲಿ, ಆ ಹೊತ್ತು ಎಷ್ಟು ಉದ್ದವೆಂದು ನಾನು ನೋಡಿದ್ದೇನೆ. ಅವರ ಕುತ್ತಿಗೆಯ ನರ ಉಬ್ಬಿತು, ಸ್ವರ ಅಲ್ಲಲ್ಲಿ ಹರಿಯಿತು. ನಿಲ್ಲಿಸಿ ಎಂದು ಸಾಹೇಬರಿಗೆ ಸನ್ನೆ ಮಾಡಿದೆ. ಟೇಪು ಹಾಳಾದೀತೆಂದು ಅವರು ತಲೆಯಲ್ಲಾಡಿಸಿದರು. ಕೊನೆಗೆ ರೀಲು ಮುಗಿದು ದುಪ್ಪಟಿ ಬೆಳ್ಳಗಾಯಿತು. ಏಡಿ ಇಲ್ಲದ ಆ ಬೆಳಕಿನಲ್ಲಿ ಭಾಗವತರು ಜಾಗಟೆಗೆ ಕೊನೆಯ ಪೆಟ್ಟು ಕೊಟ್ಟು ಮುಗಿಸಿದರು.

ನಾಲ್ಕನೆಯ ರೀಲಿಗೆ ಅವರ ಬಾಯಿಂದ ಸ್ವರ ಬರಲಿಲ್ಲ. ಬಿಸಿನೀರು ಕೊಟ್ಟೆವು, ಕಲ್ಲುಸಕ್ಕರೆ ಕೊಟ್ಟೆವು. ಗಾಳಿ ಮಾತ್ರ ಬಂತು. ನಾಳೆ ನೋಡುವ ಎಂದು ಪಿಸುಗುಟ್ಟಿ ಅಳಿಯನ ಕೈ ಹಿಡಿದು ಬಸ್ಸಿಗೆ ಹೋದರು. ಮೂರು ದಿನವಾದರೂ ಸ್ವರ ಬಂದಿಲ್ಲವೆಂದು ಅಳಿಯ ಹೇಳಿಕಳಿಸಿದರು. ಅಜ್ಜನ ಪ್ರಾಣವೆಂದ ನಾಲ್ಕನೆಯ ಪದವೇ ಹೊರಗುಳಿಯಿತು. ಕಾಪಾಡುತ್ತೇನೆಂದು ಮಾತು ಕೊಟ್ಟವಳು ನಾನು, ಕೆಡಿಸಿದವಳೂ ನಾನು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಅವರು.

ನಾಲ್ಕನೆಯ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ಪಣಂಬೂರಿಗೆ ಹೋದೆ. ಅವರು ಕುತ್ತಿಗೆಗೆ ಮಫ್ಲರ್ ಸುತ್ತಿ ಚಾವಡಿಯಲ್ಲಿ ಕೂತಿದ್ದರು. ಕೂರಲು ಹೇಳುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಆ ಕುಣಿತ ಯುದ್ಧದ್ದಲ್ಲ, ರೀಲು ಉಳಿದಿತ್ತು, ಅದನ್ನು ತುಂಬಿಸಲು ಆರು ಹೆಜ್ಜೆಯನ್ನೇ ತಿರುಗಿಸಿದ್ದು, ನಿಮ್ಮ ಕ್ರಮ ನನಗೆ ಗೊತ್ತಿರಲಿಲ್ಲ ಎಂದೆ.

ಅವರು ನಕ್ಕರು. ಸ್ವರವಿಲ್ಲದ ನಗು. ನಾನು ಹತ್ತಿರ ಹೋಗಿ ಕೂತ ಮೇಲೆ ಮೆಲ್ಲಗೆ ಹೇಳಿದರು.

"ನನಗೆ ಗೊತ್ತಾಗಿತ್ತು. ಮೂರನೇ ಸುತ್ತಿಗೇ ಗೊತ್ತಾಯ್ತು. ಹೊಸ ಹೆಜ್ಜೆ ಒಂದೂ ಬರ್ಲಿಲ್ಲ."

"ಮತ್ತೆ ಎಂತಕ್ಕೆ ನಿಲ್ಲಿಸ್ಲಿಲ್ಲ ನೀವು?"

ಅವರು ಅಂಗಳದ ಕಡೆ ನೋಡಿದರು. "ಎರಡು ವರ್ಷ ಆಯ್ತು ಟೀಚರ್, ನನ್ನ ಎದುರು ಯಾರೂ ಕುಣಿಯದೆ. ಅದು ಕುಣಿಯುವಾಗ ನಾನು ಹೇಗೆ ನಿಲ್ಲಿಸ್ಲಿ?"

ಅವರ ಮಗಳು ಕೊಟ್ಟ ಕಾಫಿ ಕುಡಿದೆ.

ಹೊರಡುವಾಗ ಅವರೇ ದಾರಿ ಹೇಳಿದರು. ಯಕ್ಷಗಾನದಲ್ಲಿ ಪದ ಹಾಡುವುದು ಭಾಗವತರು. ಆ ಪದದ ಅರ್ಥವನ್ನು ಮಾತಿನಲ್ಲಿ ಹೇಳುವುದು ವೇಷ. ಭಾಗವತರು ಎಂದೂ ವೇಷದ ಮಾತು ಆಡುವುದಿಲ್ಲ. ಐವತ್ತು ವರ್ಷ ತಾನೂ ಆಡಿಲ್ಲ. ಆದರೆ ಕಡಲಿಗೆ ಇನ್ನೂ ಯಾರೂ ವೇಷ ಕಟ್ಟಿಲ್ಲವಲ್ಲ, ಪದ ಬಾರದಿದ್ದರೆ ಅರ್ಥವನ್ನಾದರೂ ತಾನು ಹೇಳುತ್ತೇನೆ ಎಂದರು. ಮರುದಿನ ಸಾಹೇಬರು ತಮ್ಮ ಮಾವನ ಕಾರಿನಲ್ಲಿ ಹೋಗಿ ಅವರನ್ನು ಕರೆತಂದರು. ನಾಲ್ಕನೆಯ ರೀಲು ಓಡಿತು. ಭಾಗವತರು ಜಾಗಟೆಯನ್ನು ಕೆಳಗಿಟ್ಟು, ಮೈಕಿಗೆ ಬಾಯಿ ಹತ್ತಿರ ತಂದು, ಒಡೆದ ಸ್ವರದಲ್ಲಿ ಕಡಲಾಗಿ ಮಾತಾಡಿದರು.

"ಏಡಿಯೇ, ನೀನು ದಿನವೂ ತೋಡು, ನಾನು ದಿನವೂ ಅಳಿಸುತ್ತೇನೆ. ಇದು ಹಗೆಯಲ್ಲ. ನೀನು ತೋಡದ ದಿನ ನಾನು ಯಾರಿಗಾಗಿ ದಡಕ್ಕೆ ಬರಲಿ?"

ಪದದ ರಾಗ ಟೇಪಿಗೆ ಸಿಗಲಿಲ್ಲ. ಅದು ನಿಜವಾಗಿ ಅವರೊಟ್ಟಿಗೇ ಹೋಯಿತು. ಆ ದುಃಖ ನನಗೆ ಇಂದಿಗೂ ಉಂಟು. ಆದರೆ ಆ ಒಡೆದ ಸ್ವರಕ್ಕಿಂತ ಕಡಲಿಗೆ ಒಪ್ಪುವ ಸ್ವರ ಬೇರೆ ಇರಲಿಲ್ಲ ಎಂದು ಸಾಹೇಬರು ಹೇಳಿದರು. ಹಾಡಿನ ಗೊಡವೆಯಿಲ್ಲದ ಮನುಷ್ಯ ಸಂಗೀತದ ಬಗ್ಗೆ ಆಡಿದ ಒಂದೇ ಮಾತು ಅದು.

ರೀಲು, ಟೇಪು ದೆಹಲಿಗೆ ಹೋದವು. ನವೆಂಬರಿನಲ್ಲಿ ತಮ್ಮನ ಪತ್ರ ಬಂತು. ಕಾರ್ಯಕ್ರಮ ಆಯಿತು, ಕಿರೀಟದ ಏಡಿಯನ್ನು ಮಕ್ಕಳು ಬಹಳ ಇಷ್ಟಪಟ್ಟರು, ದೊಡ್ಡವರೂ ಹೊಗಳಿದರು ಎಂದು ಬರೆದಿದ್ದ. ಕೆಳಗೆ ಇನ್ನೆರಡು ಸಾಲಿತ್ತು. ಅದಕ್ಕಿಂತ ಮುಂಚಿನ ಕಾರ್ಯಕ್ರಮ ಉದ್ದವಾದ್ದರಿಂದ ನಮ್ಮದರಲ್ಲಿ ಎರಡು ನಿಮಿಷ ಕಡಿಮೆ ಮಾಡಬೇಕಾಯಿತು. ಯುದ್ಧದ ಕುಣಿತ ಉದ್ದವಿದ್ದದ್ದು ಒಳ್ಳೆಯದೇ ಆಯಿತು, ಅಲ್ಲಿಗೆ ಕತ್ತರಿ ಹಾಕಿದೆವು, ಹಾಡು ಒಂದು ಸಾಲಿನ ನಡುವೆ ನಿಂತಿತು, ಆದರೆ ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ ಎಂದು.

ಪತ್ರ ಹಿಡಿದು ಪಣಂಬೂರಿಗೆ ಹೋದೆ. ಅವರ ಮನೆಯ ಹೆಂಚು ಇಳಿಸಿ ಅಂಗಳದಲ್ಲಿ ಪೇರಿಸಿದ್ದರು. ಮುಂದಿನ ವಾರ ಒಳನಾಡಿನ ಇನ್ನೊಬ್ಬ ಮಗಳ ಮನೆಗೆ ಹೊರಡುವವರಿದ್ದರು. ಭಾಗವತರು ಹೆಂಚಿನ ರಾಶಿಯ ಪಕ್ಕ ಕುರ್ಚಿಯಲ್ಲಿದ್ದರು. ಮಾತಾಡುವಷ್ಟು ಸ್ವರ ಬಂದಿತ್ತು, ಹಾಡುವಷ್ಟು ಬಂದಿರಲಿಲ್ಲ. ಮಕ್ಕಳು ಇಷ್ಟಪಟ್ಟದ್ದನ್ನು, ದೊಡ್ಡವರು ಹೊಗಳಿದ್ದನ್ನು ಓದಿ ಹೇಳಿದೆ. ಕಿರೀಟದ ಮಾತಿಗೆ ನಾನು ಹೇಳಿರಲಿಲ್ಲವಾ ಎಂಬಂತೆ ತಲೆಯಲ್ಲಾಡಿಸಿದರು. ಓದುತ್ತಾ ಆ ಎರಡು ಸಾಲಿನ ಹತ್ತಿರ ಬಂದು ನಿಂತೆ.

"ಅಲ್ಲಿ ತೋರಿಸುವಾಗ ಯುದ್ಧದಲ್ಲಿ ಏಡಿ ಪೂರ್ತಿ ಕುಣಿಯಿತಾ?" ಎಂದು ಅವರು ಕೇಳಿದರು.

ನಾನು ಪತ್ರವನ್ನು ಮಡಚಿದೆ. "ಪೂರ್ತಿ ಕುಣಿಯಿತು."

"ಮೊದಲು ನಿಲ್ಲಿಸಿದ್ದು ಯಾರು? ಏಡಿಯಾ, ನಾನಾ?"

"ಏಡಿ," ಎಂದೆ.

"ಹಾಗಾದ್ರೆ ಸರಿ," ಎಂದರು ಭಾಗವತರು, ಮತ್ತು ಹೆಂಚು ಎಣಿಸುತ್ತಿದ್ದ ಅಳಿಯನನ್ನು ಕರೆದು ನನಗೊಂದು ಎಳನೀರು ಕೆತ್ತಿಕೊಡಲು ಹೇಳಿದರು.